ಬಳ್ಳಿ ಕಡಿದ ಮೇಲೆ ಇನ್ಸುಲಿನ್

ಆಗ ತಾನೇ ಹುಟ್ಟಿದ ಹಂದಿಮರಿಯ ಮೈಯಲ್ಲಿ ಕೊಬ್ಬು ನೂರಕ್ಕೆ ಒಂದೆರಡು ಪಾಲಷ್ಟೇ. ಕುರಿಮರಿಗೂ ಮನುಷ್ಯರ ಕೂಸಿಗೂ ಮೈ ಬೆಚ್ಚಗಿಡುವ ಕಂದು ಕೊಬ್ಬಿದೆ. ಹಂದಿಗೆ ಅದೂ ಇಲ್ಲ. ಅದರಿಂದ ಶಾಖ ಹೊರಡಿಸುವ ಜೀನ್ ಹಂದಿಯ ವಂಶದಲ್ಲಿ ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ. ಹಾಗಾಗಿ ಚಳಿಯಲ್ಲಿ ಹಾಲು ಸಿಗದ ಮರಿ ಒಂದೆರಡು ದಿನದಲ್ಲೇ ನಡುಗಿ, ಮಂಕಾಗಿ, ಎಚ್ಚರ ತಪ್ಪುತ್ತದೆ. ರಕ್ತದಲ್ಲಿನ ಗ್ಲೂಕೋಸ್ ಕುಸಿದಿರುತ್ತದೆ. ಸಾಕುವವರು ಮರಿಗಳ ಮೇಲೆ ಬಿಸಿ ಬಲ್ಬು ತೂಗುಹಾಕುವುದು ಈ ಕಾರಣಕ್ಕೇ.

ಗರ್ಭದಲ್ಲಿ ಈ ಚಿಂತೆ ಇರಲಿಲ್ಲ. ತಾಯಿಯ ಗ್ಲೂಕೋಸ್ ಮಾಸಿನ ಮೂಲಕ ಹಗಲಿರುಳು ಬರುತ್ತಿತ್ತು. ತಾಯಿಯ ಇನ್ಸುಲಿನ್ ಮಾತ್ರ ಮಾಸನ್ನು ದಾಟುವುದಿಲ್ಲ. ತನಗೆ ಬೇಕಾದ್ದನ್ನು ಮರಿಯ ಮೇದೋಜೀರಕ ಗ್ರಂಥಿಯೇ ತಯಾರಿಸುತ್ತದೆ. ಗರ್ಭದಲ್ಲಿ ಇನ್ಸುಲಿನ್‌ನ ದೊಡ್ಡ ಕೆಲಸ ಮೈ ಬೆಳೆಸುವುದು.

ಹೊಕ್ಕುಳಬಳ್ಳಿ ಕಡಿದೊಡನೆ ಪಾತ್ರ ಬದಲಾಗುತ್ತದೆ. ಒಂದೆರಡು ಗಂಟೆಗಳಲ್ಲಿ ಗ್ಲೂಕೋಸ್ ಇಳಿಯುತ್ತದೆ. ಇನ್ಸುಲಿನ್ ತಗ್ಗಿ, ಗ್ಲುಕಗಾನ್ ಮತ್ತು ಅಡ್ರಿನಲಿನ್ ಏರಿದರೆ ಯಕೃತ್ತು ತಾನು ಕೂಡಿಟ್ಟ ಗ್ಲೈಕೊಜೆನ್ ಒಡೆದು ಗ್ಲೂಕೋಸ್ ಹೊರಬಿಡುತ್ತದೆ. ಆ ದಾಸ್ತಾನು ಬೇಗ ಮುಗಿಯುತ್ತದೆ. ಮುಂದೆ ಲ್ಯಾಕ್ಟೇಟ್, ಅಮೈನೋ ಆಮ್ಲಗಳಿಂದ ಹೊಸ ಗ್ಲೂಕೋಸ್ ಕಟ್ಟಬೇಕು. ಇಲಿಮರಿಯ ಯಕೃತ್ತಿನಲ್ಲಿ ಇದಕ್ಕೆ ಬೇಕಾದ ಮುಖ್ಯ ಕಿಣ್ವವೊಂದು ಹುಟ್ಟುವ ಮೊದಲು ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಏರಿಬಿಡುತ್ತದೆ.

ಇನ್ಸುಲಿನ್ ತಗ್ಗದಿದ್ದರೆ?

ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೆಡರ್ಸನ್ 1950ರ ದಶಕದಲ್ಲಿ ಇದಕ್ಕೆ ವಿವರಣೆ ಮುಂದಿಟ್ಟರು. ತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ ಶಿಶುವಿಗೂ ಗ್ಲೂಕೋಸ್ ಹೆಚ್ಚು ಹರಿಯುತ್ತದೆ, ಅದರ ಗ್ರಂಥಿ ಇನ್ಸುಲಿನ್ ಹೆಚ್ಚಿಸುತ್ತದೆ, ಮಗು ದಪ್ಪವಾಗಿ ಬೆಳೆಯುತ್ತದೆ. ಹುಟ್ಟಿದ ಮೇಲೆ ಬರುವ ಗ್ಲೂಕೋಸ್ ನಿಂತರೂ ಇನ್ಸುಲಿನ್ ಉಳಿದಿರುತ್ತದೆ. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಇಂಥ ಕೂಸುಗಳ ರಕ್ತವನ್ನು ಮೊದಲ ಗಂಟೆಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸುವುದು ಇದಕ್ಕಾಗಿ.

ಇನ್ಸುಲಿನ್ ಸುರಿಸುವ ಬೀಟಾ ಕೋಶಗಳು ಹುಟ್ಟುವಾಗ ಪಳಗಿರುವುದಿಲ್ಲ. ಎಳೆ ಇಲಿಮರಿಯಲ್ಲಿ ಅವು ಅಮೈನೋ ಆಮ್ಲಕ್ಕೆ ಚೆನ್ನಾಗಿ ಸ್ಪಂದಿಸುತ್ತವೆ, ಗ್ಲೂಕೋಸಿಗೆ ಮಂದವಾಗಿ. ಇಲಿಯ ಹಾಲಿನಲ್ಲಿ ಕೊಬ್ಬೇ ಹೆಚ್ಚು. ಸುಮಾರು ಮೂರು ವಾರಕ್ಕೆ ಹಾಲು ಬಿಟ್ಟು ಕಾಳು ತಿನ್ನತೊಡಗಿದಾಗ ಬೀಟಾ ಕೋಶಗಳು ಪೂರ್ತಿ ಬಲಿಯುತ್ತವೆ.

ಕರುವಿನದು ಬೇರೆ ದಾರಿ. ಗಿಣ್ಣುಹಾಲು ಕುಡಿದ ಕರುವಿಗೆ ಹಾಲಿನ ಸಕ್ಕರೆಯಿಂದಲೇ ಗ್ಲೂಕೋಸ್ ಸಿಗುತ್ತದೆ. ಹುಲ್ಲು ಮೇಯತೊಡಗಿ ಮೆಲುಕು ಚೀಲ ಬೆಳೆದ ಮೇಲೆ, ಅಲ್ಲಿನ ಸೂಕ್ಷ್ಮಜೀವಿಗಳು ಪಿಷ್ಟ, ನಾರುಗಳನ್ನು ಕೊಬ್ಬಿನ ಆಮ್ಲಗಳಾಗಿಸುತ್ತವೆ. ಅವುಗಳಲ್ಲೊಂದಾದ ಪ್ರೊಪಿಯೊನೇಟ್‌ನಿಂದ ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ. ರಕ್ತದ ಮಟ್ಟ ಬರಬರುತ್ತ ಇಳಿಯುತ್ತದೆ. ಬೆಳೆದ ಹಸುವಿನಲ್ಲಿ ಡೆಸಿಲೀಟರಿಗೆ 60 ಮಿಲಿಗ್ರಾಂ ಇದ್ದರೂ ಪಶುವೈದ್ಯರು ಗಾಬರಿಯಾಗುವುದಿಲ್ಲ. ಮಧುಮೇಹದ ಔಷಧಿ ತೆಗೆದುಕೊಳ್ಳುವ ಮನುಷ್ಯರಲ್ಲಿ 70ಕ್ಕಿಂತ ಇಳಿದರೇ ಎಚ್ಚರಿಕೆ.