ಒಂದೇ ಪ್ರಶ್ನೆ, ನಲವತ್ತು ಮಕ್ಕಳು

ಹಿಂದೂಪುರದಲ್ಲಿ ಗೌರಿಬಿದನೂರಿನ ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ವಿದುರಾಶ್ವತ್ಥ ಸಿಗುತ್ತದೆ. ಉತ್ತರ ಪಿನಾಕಿನಿಯ ದಂಡೆ, ಅಶ್ವತ್ಥನಾರಾಯಣನ ಗುಡಿ, ಸಾಲುಸಾಲು ನಾಗರಕಲ್ಲು. ನಮ್ಮ ಕಡೆಯ ಎಷ್ಟೋ ಮನೆಯವರು ಮಕ್ಕಳಾಗಲೆಂದು ಹರಕೆ ಹೊತ್ತು ನಾಗರ ಪ್ರತಿಷ್ಠೆ ಮಾಡಿಸುವುದು ಅಲ್ಲಿಯೇ. 1938ರ ಏಪ್ರಿಲ್ 25ರಂದು ಅಲ್ಲಿ ಬಾವುಟದ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಹೆಸರಾದ ಜಾಗ ಅದು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವನು. ಮೊದಲು ಕಲ್ಯಾಣದುರ್ಗದ ಕಡೆ, ಈಗ ಹಿಂದೂಪುರದ ಕಡೆ, ಎರಡೂ ಆಂಧ್ರದಲ್ಲಿವೆ, ಎರಡೂ ಕನ್ನಡ ಮಾಧ್ಯಮ. ರಾಷ್ಟ್ರೀಯ ಚಳವಳಿಯ ಪಾಠವನ್ನು ನಾನು ವಿದುರಾಶ್ವತ್ಥದಿಂದ ಶುರು ಮಾಡುತ್ತೇನೆ. ಅಮೃತಸರಕ್ಕೂ ದಂಡಿಗೂ ಆಮೇಲೆ ಹೋಗುತ್ತೇವೆ. ಊರ ಅಭಿಮಾನ ಇದಕ್ಕೆ ಅರ್ಧ ಕಾರಣ. ಇನ್ನರ್ಧ ನನ್ನ ಮುಂದೆ ಕೂತಿರುವ ಮಕ್ಕಳು.

ಒಂದು ತರಗತಿಯಲ್ಲಿ ಯಾರ್‍ಯಾರು ಇರುತ್ತಾರೆಂಬುದನ್ನು ಹೊರಗಿನವರು ಒಮ್ಮೆ ನೋಡಬೇಕು. ಪಾಠವನ್ನು ಒಂದೇ ಉಸಿರಿಗೆ ಓದಿ, ಪ್ರಶ್ನೋತ್ತರವನ್ನು ಅಲ್ಪವಿರಾಮ ಸಮೇತ ಒಪ್ಪಿಸುವ ಹುಡುಗ ಮುಂದಿನ ಬೆಂಚಿನಲ್ಲಿರುತ್ತಾನೆ. ಒತ್ತಕ್ಷರ ಬಂದ ಕಡೆಯೆಲ್ಲ ನಿಂತು ತಡವರಿಸುವವರು ಏಳೆಂಟು ಮಂದಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವವರು ಕೆಲವರು. ಕಡಲೆಕಾಯಿ ಕೀಳುವ ಕಾಲಕ್ಕೆ ವಾರಗಟ್ಟಲೆ ಬಾರದೆ, ಬಂದಾಗ ಪಾಠ ಎಲ್ಲಿದೆ ಎಂದು ತಿಳಿಯದೆ ಸುಮ್ಮನೆ ಕೂರುವವರು ಇನ್ನು ಕೆಲವರು. ಇಷ್ಟು ಮಂದಿಗೂ ನಲವತ್ತೈದು ನಿಮಿಷದ ಒಂದೇ ಪೀರಿಯಡ್ಡು.

ಇಂಥ ಕಡೆ ಸಾಮಾನ್ಯವಾಗಿ ಆಗುವುದು ಇಷ್ಟೇ. ಜಾಣರಿಗೆ ‘ಕಾರಣಗಳನ್ನು ವಿವರಿಸಿ’, ಹಿಂದುಳಿದವರಿಗೆ ‘ಬಿಟ್ಟ ಸ್ಥಳ ತುಂಬಿರಿ’. ನೋಡುವುದಕ್ಕೆ ಇದು ಕರುಣೆಯಂತೆಯೇ ಕಾಣುತ್ತದೆ. ಆದರೆ ಓದಲು ಕಷ್ಟಪಡುವ ಮಗುವಿಗೆ ಯೋಚಿಸುವುದೂ ಬರುವುದಿಲ್ಲ ಎಂದು ನಾವೇ ತೀರ್ಮಾನ ಮಾಡಿಬಿಟ್ಟಂತಾಯಿತು. ಇಸವಿ ತುಂಬಿಸಿಕೊಂಡು ಕೂತ ಮಗುವಿಗೆ ಇತಿಹಾಸ ಯಾಕೆ ರುಚಿಸಬೇಕು? ನನ್ನ ನಂಬಿಕೆ ಇದು: ಪ್ರಶ್ನೆ ಎಲ್ಲರಿಗೂ ಒಂದೇ ಇರಲಿ, ಅದೂ ನಿಜವಾದ ದೊಡ್ಡ ಪ್ರಶ್ನೆಯಾಗಿರಲಿ. ಅದರ ಹತ್ತಿರ ಹೋಗುವ ದಾರಿಗಳು ಮಾತ್ರ ಬೇರೆಬೇರೆ ಇರಲಿ.

ವಿದುರಾಶ್ವತ್ಥದ ಪಾಠಕ್ಕೆ ನಾನು ಹಿಡಿಯುವ ಪ್ರಶ್ನೆ: ಅಂದು ಸತ್ತವರು ಎಷ್ಟು ಮಂದಿ, ಲೆಕ್ಕ ಯಾಕೆ ಒಂದೇ ಇಲ್ಲ? ಸರ್ಕಾರದ ಲೆಕ್ಕ ಹತ್ತರ ಸುಮಾರಿನದು. ಜನರ ಲೆಕ್ಕ ಮೂವತ್ತನ್ನು ದಾಟುತ್ತದೆ.

ಮೊದಲ ಹತ್ತು ನಿಮಿಷ ಬರೀ ಮಾತು, ಬರೀ ನಕ್ಷೆ. ಬೋರ್ಡಿನ ಮೇಲೆ ಹಿಂದೂಪುರ, ವಿದುರಾಶ್ವತ್ಥ, ನಡುವೆ ಒಂದು ಗೆರೆ. ಗೆರೆಯ ಈಚೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯ, ಆಚೆ ಮಹಾರಾಜರ ಮೈಸೂರು. ಸಂಸ್ಥಾನ, ನಿಷೇಧಾಜ್ಞೆ, ಸತ್ಯಾಗ್ರಹ ಎಂಬ ಮೂರು ಪದಗಳನ್ನು ದೊಡ್ಡದಾಗಿ ಬರೆದು, ಕನ್ನಡದಲ್ಲೂ ತೆಲುಗಿನಲ್ಲೂ ಬಿಡಿಸಿ ಹೇಳುತ್ತೇನೆ. ಈ ಮೂರು ಕೈಗೆ ಹತ್ತದೆ ಮುಂದೆ ಹೋದರೆ ಅರ್ಧ ತರಗತಿ ಅಲ್ಲೇ ಉಳಿದುಹೋಗುತ್ತದೆ. ಆಮೇಲೆ ಅವರ ಮುಂದೆ ಒಂದು ವಿಚಿತ್ರವನ್ನು ಇಡುತ್ತೇನೆ. 1937ರ ಜುಲೈಯಿಂದ ಮದ್ರಾಸ್ ಪ್ರಾಂತ್ಯದಲ್ಲಿ ರಾಜಾಜಿಯವರ ಕಾಂಗ್ರೆಸ್ ಸರ್ಕಾರವೇ ಇತ್ತು. ಅಂದರೆ ಹಿಂದೂಪುರದಲ್ಲಿ ಕಾಂಗ್ರೆಸ್ಸು ಆಳುವ ಪಕ್ಷ. ಕೆಲವೇ ಮೈಲಿ ಆಚೆ ಅದೇ ಕಾಂಗ್ರೆಸ್ಸಿನ ಬಾವುಟ ಎತ್ತಿದರೆ ಲಾಠಿ, ಸೆರೆಮನೆ. ಬ್ರಿಟಿಷರು ನೇರವಾಗಿ ಆಳುವ ಕಡೆ ಸಲ್ಲುವ ಬಾವುಟ ನಮ್ಮವರೇ ಆದ ಮಹಾರಾಜರ ಸೀಮೆಯಲ್ಲಿ ಸಲ್ಲದು. ಯಾಕೆ? ಇಷ್ಟು ಕೇಳಿದ ಮೇಲೆ ತರಗತಿಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ.

ಆಮೇಲೆ ಇಬ್ಬಿಬ್ಬರಿಗೆ ಒಂದು ಕಾರ್ಡು. ಘಟನೆಯ ಎರಡು ನಿರೂಪಣೆಗಳನ್ನು ನಾನೇ ಸರಳ ಕನ್ನಡದಲ್ಲಿ ಬರೆದಿರುತ್ತೇನೆ, ಒಂದು ಅಧಿಕಾರಿಗಳ ಕಡೆಯದು, ಒಂದು ಸತ್ಯಾಗ್ರಹಿಗಳ ಕಡೆಯದು. ಓದಲು ಕಷ್ಟಪಡುವವರ ಕಾರ್ಡಿನಲ್ಲಿ ಅಕ್ಷರ ದೊಡ್ಡದು, ವಾಕ್ಯ ಚಿಕ್ಕದು. ಆದರೆ ಎರಡು ಲೆಕ್ಕಗಳ ನಡುವಿನ ಜಗಳ ಅದರಲ್ಲೂ ಪೂರ್ತಿ ಇರುತ್ತದೆ, ಅದನ್ನು ಮಾತ್ರ ಕತ್ತರಿಸುವುದಿಲ್ಲ. ಸ್ಮಾರಕದಲ್ಲಿ ಹುತಾತ್ಮರ ಹೆಸರು ಕೆತ್ತಿರುವ ಕಲ್ಲಿನ ಫೋಟೋ ಕೆಲವರ ಕೈಗೆ ಹೋಗುತ್ತದೆ. ಗುಂಪಿನಲ್ಲಿ ತೆಲುಗಿನಲ್ಲಿ ಮಾತಾಡಿದರೂ ಸರಿಯೇ, ಕೊನೆಗೆ ಬರೆಯುವುದು ಕನ್ನಡದಲ್ಲಿ.

ಒಂದು ವರ್ಷ ಈ ಪಾಠದಲ್ಲಿ ನಡೆದದ್ದನ್ನು ಹೇಳಲೇಬೇಕು. ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಕೂಲಿಗೆ ಹೋಗುವ ತಾಯಿಯ ಮಗಳು, ಗಟ್ಟಿಯಾಗಿ ಓದೆಂದರೆ ಎದ್ದು ನಿಂತು ನೆಲ ನೋಡುವವಳು. ಕಾರ್ಡನ್ನು ಗೆಳತಿಯಿಂದ ಓದಿಸಿಕೊಂಡಳು. ಬಹಳ ಹೊತ್ತಾದ ಮೇಲೆ ಕೈ ಎತ್ತಿದಳು.

“ಸಾರ್, ಅವತ್ತು ಜಾತ್ರೆ ಕಾಲ ಅಲ್ವಾ? ದೂರದೂರದ ಊರೋರು ಬಂದಿರ್ತಾರೆ. ಏಟು ಬಿದ್ದೋರನ್ನ ಗಾಡೀಲಿ ಹಾಕ್ಕೊಂಡು ಊರಿಗೆ ಹೋಗಿರ್ತಾರೆ. ಅಲ್ಲಿ ಹೋಗಿ ಸತ್ತೋರನ್ನ ಯಾರು ಎಣಿಸಿದ್ರು?”

ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಪೊಲೀಸ್ನೋರಿಗೆ ಹೆದ್ರಿ ಹೇಳ್ದೇನೂ ಇರ್ತಾರೆ ಸಾರ್” ಎಂದ. “ಗಡಿ ಈಚೆಯವರಾಗಿದ್ರೆ ಆ ಸರ್ಕಾರದ ಲೆಕ್ಕಕ್ಕೆ ಬರ್ತಾರಾ?” ಎಂದು ಇನ್ನೊಬ್ಬಳು. ಲೆಕ್ಕ ಹಾಕಿದವರು ಯಾರು, ಯಾವಾಗ ಹಾಕಿದರು, ಎಲ್ಲಿ ನಿಂತು ಹಾಕಿದರು: ಇತಿಹಾಸಕಾರರು ದಾಖಲೆಯ ಮುಂದೆ ಕೇಳುವುದೂ ಇವನ್ನೇ. ಒತ್ತಕ್ಷರಕ್ಕೆ ತಡವರಿಸುವ ಹುಡುಗಿ ಅಲ್ಲಿಗೆ ತಾನೇ ನಡೆದು ಹೋಗಿದ್ದಳು.

ಅಂದು ಕಂಗಾಲಾದವನು ಮುಂದಿನ ಬೆಂಚಿನ ಜಾಣ. “ಪರೀಕ್ಷೇಲಿ ಯಾವ ನಂಬರ್ ಬರೀಬೇಕು ಸಾರ್?” ಎಂದು ಮೂರು ಸಲ ಕೇಳಿದ. ಬೇರೆಬೇರೆ ಮಟ್ಟದ ಮಕ್ಕಳೆಂದರೆ ಹಿಂದೆ ಬಿದ್ದವರು ಮಾತ್ರ ನೆನಪಾಗುತ್ತಾರೆ. ಬಾಯಿಪಾಠದಲ್ಲಿ ಗೆದ್ದು ಗೆದ್ದು, ಖಚಿತವಾದ ಉತ್ತರವಿಲ್ಲದ ಕಡೆ ನಿಲ್ಲಲಾರದ ಮಗುವಿಗೂ ನಮ್ಮ ಕೈಯಾಸರೆ ಬೇಕು. ಅವನಿಗೆ ಕೊಟ್ಟ ಕೆಲಸ ಇದು: ಈ ಎರಡು ಲೆಕ್ಕಗಳ ನಡುವೆ ತೀರ್ಮಾನ ಮಾಡಬೇಕಾದರೆ ಇನ್ನೂ ಯಾವ ದಾಖಲೆ ಬೇಕು, ಅದು ಎಲ್ಲಿ ಸಿಕ್ಕೀತು, ಬರಿ. ಆಸ್ಪತ್ರೆಯ ರಿಜಿಸ್ಟರು, ಹಳ್ಳಿಯ ಮರಣದ ದಾಖಲೆ, ಮನೆಯವರ ಮಾತು ಎಂದು ಪಟ್ಟಿ ಮಾಡಿಕೊಂಡು ಬಂದ. ಎರಡನೆಯ ಪೀರಿಯಡ್ಡಿನಲ್ಲಿ ಸರ್ದಾರ್ ಪಟೇಲರೂ ಕೃಪಲಾನಿಯವರೂ ಬಂದದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಒಪ್ಪಂದವಾದದ್ದು, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಅನುಮತಿ ಸಿಕ್ಕಿದ್ದು ಎಲ್ಲ ಬೇಗ ಮುಗಿಯಿತು. ಪ್ರಶ್ನೆ ಮನಸ್ಸಿಗೆ ಹತ್ತಿದ ಮೇಲೆ ಮಾಹಿತಿಗೆ ಜಾಸ್ತಿ ಹೊತ್ತು ಬೇಡ.

ಕಲ್ಯಾಣದುರ್ಗದಲ್ಲಿದ್ದಾಗ ಪಾಠ ಬೇರೆ ರೀತಿ ನಡೆಯುತ್ತಿತ್ತು. ಅದು ಕುರಿಯ ಸೀಮೆ, ಬಂಡೆಯ ಸೀಮೆ. ಮುದಿಗಲ್ಲಿನ ಕಡೆ ಬೃಹತ್ ಶಿಲಾಯುಗದ ಚಪ್ಪಡಿ ಕಲ್ಲಿನ ಗೋರಿಗಳಿವೆ. ಇಂಥವನ್ನು ಜನ ಪಾಂಡವರ ಮನೆ ಎನ್ನುತ್ತಾರೆ. ರಜಾದಿನ ಕುರಿ ಕಾಯುವ ಹುಡುಗರಿಗೆ ಪುಸ್ತಕದ ಪುಟ ಗೊತ್ತಿರಲಿಲ್ಲ, ಯಾವ ಗುಡ್ಡದ ಬುಡದಲ್ಲಿ ಎಂಥ ಕಲ್ಲು ನಿಂತಿದೆ ಎಂಬುದು ಗೊತ್ತಿತ್ತು. ಅವರು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಬೇಕು, ಚೆನ್ನಾಗಿ ಓದುವವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ವಿಷಯ ಓದಿ ಹೇಳಬೇಕು. ಅಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅಶೋಕನ ಶಾಸನ ಪತ್ತೆ ಮಾಡಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿ ಇಂಥದೇ ಗೋರಿಗಳನ್ನು ಪರಿಶೀಲಿಸಿದರು. ‘ಅಶೋಕನ ಅಪ್ಪಣೆ ಇಲ್ಲಿಗೆ ಬಂದಾಗ ಇಲ್ಲಿ ಯಾರಿದ್ದರು?’ ಎಂಬ ಪ್ರಶ್ನೆಗೆ ಇಬ್ಬರ ಮಾತೂ ಬೇಕಾಗುತ್ತಿತ್ತು. ಕುರಿಗಾಹಿ ಹುಡುಗನ ಮಾತು ಮುಗಿಯುವ ತನಕ ಜಾಣ ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

ಲೇಪಾಕ್ಷಿಗೆ ಪ್ರವಾಸ ಹೋಗುವುದು ನಮ್ಮ ಶಾಲೆಗಳಲ್ಲಿ ರೂಢಿ. ತೂಗುಕಂಬದಡಿ ಬಟ್ಟೆ ಎಳೆದು, ಬಸವನ ಮುಂದೆ ಫೋಟೋ ತೆಗೆದು ವಾಪಸ್ ಬರುವುದೂ ರೂಢಿ. ಮಂಟಪದ ಒಳಮಾಳಿಗೆಯ ಚಿತ್ರಗಳ ಕೆಳಗೆ ಹತ್ತು ನಿಮಿಷ ಕತ್ತೆತ್ತಿ ನಿಲ್ಲಿಸಿ, ‘ಎತ್ತರದ ಕುಲಾವಿ ಹಾಕಿಕೊಂಡವರು ಯಾರು, ಹಾಕದವರು ಯಾರು?’ ಎಂದು ಕೇಳಿದರೆ ಸಾಕು. ಗುಡಿ ಕಟ್ಟಿಸಿದ ವಿರೂಪಣ್ಣ ವೀರಣ್ಣರ ಕಾಲದ ಉಡುಗೆ, ಅಂತಸ್ತು, ವಿಜಯನಗರದ ಅಚ್ಯುತರಾಯನ ಆಳ್ವಿಕೆ ಎಲ್ಲಕ್ಕೂ ಬಾಗಿಲು ತೆರೆಯುತ್ತದೆ. ಅಕ್ಷರ ಬಾರದ ಮಗುವೂ ಚಿತ್ರ ಓದುತ್ತದೆ.

ಇದೆಲ್ಲ ನನ್ನ ಕಲ್ಪನೆಯ ಸಂಗತಿಯೇನಲ್ಲ. ಇಂಗ್ಲೆಂಡಿನಲ್ಲಿ 1972ರಲ್ಲಿ ಶುರುವಾದ ಶಾಲಾ ಇತಿಹಾಸ ಯೋಜನೆ ಸಾಧಾರಣ ಮಕ್ಕಳ ಕೈಗೂ ಮೂಲ ದಾಖಲೆಗಳನ್ನು ಇಟ್ಟಿತು. ಮಧ್ಯಪ್ರದೇಶದಲ್ಲಿ ಏಕಲವ್ಯ ಸಂಸ್ಥೆ 1980ರ ದಶಕದಿಂದ ಸರ್ಕಾರಿ ಶಾಲೆಗಳಲ್ಲಿ ಸಮಾಜ ವಿಜ್ಞಾನವನ್ನು ಹೀಗೆಯೇ ಕಲಿಸಿ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಯನ್ನೂ ನಡೆಸಿತ್ತು. ‘ಸಿಲಬಸ್ ಮುಗಿಯುವುದು ಹೇಗೆ?’ ಎಂದು ಹೆಡ್‌ಮಾಸ್ತರರು ಕೇಳುವುದು ನ್ಯಾಯವೇ. ಎಲ್ಲ ಪಾಠವನ್ನೂ ಹೀಗೆ ಮಾಡಲಾಗದು. ತಿಂಗಳಿಗೊಂದು ಪಾಠ ಹೀಗೆ ನಡೆದರೆ ಉಳಿದವನ್ನು ಬೇಗ ಸಾಗಿಸಬಹುದು. ಯಾವುದನ್ನು ಹೀಗೆ ಮಾಡಬೇಕು, ಯಾವುದನ್ನು ಓದಿಸಿ ಬಿಡಬೇಕು ಎಂದು ಜೂನಿನಲ್ಲೇ ಗುರುತು ಹಾಕಿಕೊಂಡರೆ ಅರ್ಧ ಯೋಜನೆ ಮುಗಿದಂತೆ.

ನಾನು ಈ ಸಲ ಗುರುತು ಹಾಕಿರುವುದು 1953ನ್ನು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು. ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಆಗ ಶಾಲೆಗೆ ಹೋಗುತ್ತಿದ್ದವರಿಗೆ ಈಗ ಎಂಬತ್ತು ದಾಟಿದೆ. ಪ್ರತಿ ಮಗುವಿಗೂ ಒಂದೇ ಕೆಲಸ: ನಿಮ್ಮ ಮನೆಯ ಅಥವಾ ಬೀದಿಯ ಹಿರಿಯ ಅಜ್ಜಿ, ತಾತನನ್ನು ‘ಗಡಿ ಎಳೆದಾಗ ನಿಮಗೆ ಏನು ಬದಲಾಯಿತು?’ ಎಂದು ಕೇಳಿ. ಬರೆಯಬಲ್ಲವರು ಬರೆದು ತನ್ನಿ, ಆಗದವರು ಫೋನಿನಲ್ಲಿ ರೆಕಾರ್ಡ್ ಮಾಡಿ ತನ್ನಿ. ದಸರಾ ರಜೆಗೆ ಈ ಕೆಲಸ ಕೊಡುತ್ತಿದ್ದೇನೆ. ನೆಂಟರ ಮನೆಗೆಂದು ಪಾವಗಡ, ಮಧುಗಿರಿಗೆ ಹೋಗುವ ಮಕ್ಕಳು ಗಡಿಯಾಚೆಯ ತಾತಂದಿರನ್ನೂ ಕೇಳಿಕೊಂಡು ಬರಲಿ.