ರಕ್ತದಾಗ ಬರೂದು ಹಿಮೊಗ್ಲೋಬಿನ್, ಭೀಮಪಲಾಸ ಅಲ್ಲ

ಬನಹಟ್ಟಿಯ ಒಂದು ಮದುವೆ ಊಟದಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಮಾದಲಿ ಬಡಿಸುತ್ತಿದ್ದ ಹುಡುಗಿಗೆ ಬುದ್ಧಿ ಹೇಳುತ್ತಿದ್ದರು. ಪಿಯುಸಿ ಮುಗಿಸಿದ್ದ ಆಕೆ ಮುಂದೆ ಸಂಗೀತ, ನಾಟಕ ಓದುತ್ತೇನೆ ಅಂದಿದ್ದೇ ತಪ್ಪಾಗಿತ್ತು. "ತಂಗಿ, ಹಾಡಿ ಆಡೂ ನಾಟಕ ಕಾಲೇಜಿನ್ಯಾಗ ಕಲಿಸೂದಲ್ಲವಾ. ಅದು ರಕ್ತದಾಗ ಬರಬೇಕು. ನಮ್ಮ ಪಾರಿಜಾತದವರು ಯಾವ ಯುನಿವರ್ಸಿಟಿಗೆ ಹೋಗಿದ್ರು?" ಇಡೀ ಪಂಕ್ತಿ ತಲೆಯಾಡಿಸಿತು. ನನ್ನ ಬಾಯಲ್ಲಿ ಎಣಗಾಯಿ ಇತ್ತು. ಹಾಗಾಗಿ ಆಗ ಜಗಳ ತೆಗೆಯಲಾಗಲಿಲ್ಲ, ಈಗ ತೆಗೆಯುತ್ತಿದ್ದೇನೆ.

ಜಮಖಂಡಿಯ ಬಸ್ ಸ್ಟ್ಯಾಂಡಿನಿಂದ ಮುಧೋಳದ ಚಹಾದಂಗಡಿವರೆಗೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕಲಾವಿದರನ್ನು ಹೊಗಳುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಅದು ಹೊಗಳಿಕೆಯ ವೇಷ ಹಾಕಿಕೊಂಡ ಅವಮಾನ. ಹತ್ತು ವರ್ಷ ಗಂಟಲು ಹರಿದುಕೊಂಡು ಕಲಿತವನಿಗೆ "ನಿನಗೇನಪಾ, ಹುಟ್ಟಾ ಬಂದದ" ಅಂದರೆ ಅವನ ಹತ್ತು ವರ್ಷ ಎಲ್ಲಿ ಹೋಯಿತು?

ನಮ್ಮ ಕಡೆಯ ಹಾಡಿನ ಬಯಲಾಟ ಶ್ರೀಕೃಷ್ಣ ಪಾರಿಜಾತದ ಕತೆ ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ಲೋಕಾಪುರದ ಸುತ್ತ ಬೆಳೆದವರಿಗೆ ಸತ್ಯಭಾಮೆಯ ಸಿಟ್ಟು ಮನೆಯವರ ಸಿಟ್ಟಿನಷ್ಟೇ ಪರಿಚಿತ. ಆದರೆ ಆ ಆಟ ಮಳೆಗೆ ಅಣಬೆ ಎದ್ದ ಹಾಗೆ ಎದ್ದದ್ದಲ್ಲ. ಅಪರಾಳ ತಮ್ಮಣ್ಣ ಅದನ್ನು ಕಟ್ಟಿದ, ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ. ಜನಪದ ಅಂದ ಕೂಡಲೇ "ಯಾರೂ ಬರೆದದ್ದಲ್ಲ, ಯಾರೂ ಕಲಿಸಿದ್ದಲ್ಲ" ಅನ್ನುವ ನಮ್ಮ ಚಾಳಿಗೆ ಈ ಇಬ್ಬರು ತಮ್ಮಣ್ಣರೇ ಉತ್ತರ.

ಕಲಿಸುವುದು ಹೇಗಿರುತ್ತದೆ ಅಂತ ನೋಡಬೇಕಾದರೆ ತಾಲೀಮಿಗೆ ಹೋಗಿ ಕೂಡಬೇಕು. ನಾನು ಒಮ್ಮೆ ಕೂತಿದ್ದೆ. ಪಡಸಾಲೆಯಲ್ಲಿ ಒಂದು ಪೇಟಿ, ಒಂದು ತಬಲಾ, ತಾಳ. ಸತ್ಯಭಾಮೆಯ ಪಾತ್ರ ಕಲಿಯುತ್ತಿದ್ದ ಹುಡುಗ ಒಂದೇ ಸಾಲನ್ನು ಎತ್ತುತ್ತಿದ್ದ, ಬೀಳುತ್ತಿದ್ದ, ಮತ್ತೆ ಎತ್ತುತ್ತಿದ್ದ. ಸ್ವರ ಸರಿ ಇತ್ತು, ಸಮಕ್ಕೂ ಸರಿಯಾಗಿ ಬಂದು ಬೀಳುತ್ತಿದ್ದ. ಮಾಸ್ತರರು ಮಾತ್ರ ಅಂಗೈ ಎತ್ತಿ ತಬಲಾ ನಿಲ್ಲಿಸಿದರು. "ಮುಖಕ್ಕ ಸಿಟ್ಟ ಬಂತು. ಸ್ವರ ಇನ್ನೂ ನಗಾಕತ್ತೈತಿ." ಇನ್ನೊಂದು ಸಲ. ಈ ಸಲ ಕೊನೆಯ ಅಕ್ಷರವನ್ನು ಎಳೆಯದೆ ತುಂಡರಿಸಿದ. ಮಾಸ್ತರರು ಹೂಂ ಅನ್ನಲಿಲ್ಲ, ಎಲೆಯಡಿಕೆ ಹಾಕಿಕೊಂಡರು. ಪಾಸಾಗಿದ್ದಾನೆ ಅಂತ ಪೇಟಿಯವ ನನಗೆ ಕಣ್ಣಲ್ಲೇ ಹೇಳಿದ. ಇದರಲ್ಲಿ ರಕ್ತ ಎಲ್ಲಿ ಬಂತು? ಪಾಠ, ಪರೀಕ್ಷೆ, ಫಲಿತಾಂಶ ಎಲ್ಲವೂ ಇತ್ತು. ಮಾರ್ಕ್ಸ್ ಕಾರ್ಡ್ ಒಂದು ಇರಲಿಲ್ಲ.

ಹುಟ್ಟಾ ಕಂಠದ ಭಕ್ತರಿಗೆ ನಾನು ಸವಾಯಿ ಗಂಧರ್ವರ ಹೆಸರು ಹೇಳುತ್ತೇನೆ. ಕುಂದಗೋಳದ ರಾಮಚಂದ್ರರಾಯರು ಮರಾಠಿ ಸಂಗೀತ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡಿ ಹಾಡಿದವರು. ಆ ಬಿರುದು ಬಂದದ್ದೂ ರಂಗದ ಮೇಲಿಂದಲೇ. ಅವರ ಧ್ವನಿ ಹುಟ್ಟಿನಿಂದ ಇಂಪಾದದ್ದಲ್ಲ, ಹರೆಯದಲ್ಲಿ ಒರಟಾಗಿ ಒಡೆದುಹೋದದ್ದು. ಅಬ್ದುಲ್ ಕರೀಂ ಖಾನರ ಕೈಕೆಳಗೆ ವರ್ಷಗಟ್ಟಲೆ ಸಾಧನೆ ಮಾಡಿ ಆ ಒರಟು ಕಂಠವನ್ನೇ ಹದಕ್ಕೆ ತಂದುಕೊಂಡರು. ಈ ಸವಾಯಿ ಗಂಧರ್ವರಿಂದ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತಿ ಹೋಗುತ್ತಿದ್ದರು. ರಕ್ತದಲ್ಲೇ ಇದ್ದಿದ್ದರೆ ಟಿಕೆಟ್ಟಿನ ದುಡ್ಡಾದರೂ ಉಳಿಯುತ್ತಿತ್ತು. ಮುಂದೆ ಅದೇ ಗಂಗೂಬಾಯಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕಿಯಾದರು. ಇಂದು ಮೈಸೂರಿನಲ್ಲಿರುವ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು.

ಇಷ್ಟು ಹೇಳಿದರೆ ಬೀಳಗಿಯವರೊಬ್ಬರು ಎದ್ದು ನಿಲ್ಲುತ್ತಾರೆ: "ಹಂಗಾರ ನಮ್ಮ ಅಮೀರಬಾಯಿ? ಗೋಹರಬಾಯಿ? ಅಕ್ಕ ತಂಗಿ ಇಬ್ಬರೂ ಹಾಡಿದ್ರಲ್ಲ!" ಹಾಡಿದರು. ತಂಗಿ ಅಮೀರಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯ ಗಾಯಕ ನಟ ಬಾಲಗಂಧರ್ವರಿಗೆ ರಂಗದ ಮೇಲೂ ಬಾಳಿನೊಳಗೂ ಜೊತೆಯಾದರು. ಆದರೆ ಅವರು ಹುಟ್ಟಿದ್ದು ಎಂಥ ಮನೆಯಲ್ಲಿ? ಹಾಡು, ತಬಲಾ, ನಾಟಕದ ಮಂದಿ ಬಂದು ಹೋಗುವ ಮನೆಯಲ್ಲಿ. ತೊಟ್ಟಿಲಲ್ಲಿದ್ದಾಗಿನಿಂದ ಕಿವಿಗೆ ಲಯ ಬೀಳುತ್ತಿದ್ದರೆ ಅದಕ್ಕೆ ಬಾಲವಾಡಿ ಅನ್ನಬೇಕೇ ಹೊರತು ರಕ್ತ ಅನ್ನಬಾರದು. ರಬಕವಿಯಲ್ಲಿ ನೇಕಾರರ ಮಗ ಹತ್ತು ವರ್ಷಕ್ಕೇ ಕಡಿದ ಎಳೆಗೆ ಗಂಟು ಹಾಕಬಲ್ಲ. ಅವನ ರಕ್ತದಲ್ಲಿ ನೂಲಿದೆಯೇ?

ಇನ್ನು ಕೆಲವು ಸಣ್ಣಪುಟ್ಟ ನಂಬಿಕೆಗಳು, ಇವಕ್ಕೆ ಒಂದೊಂದು ಮಾತು ಸಾಕು. ಹಾಡಿನ ನಾಟಕ ಅಂದರೆ ಬ್ರಾಡ್‌ವೇ, ನಮ್ಮದಲ್ಲ ಅನ್ನುವವರು: 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕಕ್ಕೆ ಕೈಹಾಕಿದ್ದು ಹೊನ್ನಾವರ ಕಡೆಯ ಕರ್ಕಿಯಿಂದ ಬಂದ ಭಾಗವತ ಮೇಳದ ಆಟದಿಂದ ಪ್ರೇರಣೆ ಪಡೆದು. ಅದನ್ನು ಆಡಿಸಿದ ಸಾಂಗ್ಲಿಯ ದೊರೆ ಪಟವರ್ಧನರು ನಮ್ಮ ಜಮಖಂಡಿಯ ಪಟವರ್ಧನರ ಬಳಗ. ಹೆಣ್ಣುಮಕ್ಕಳಿಗೆ ಇದು ಒಗ್ಗದು ಅನ್ನುವವರು: ಕೌಜಲಗಿ ನಿಂಗಮ್ಮ ಪಾರಿಜಾತದ ಮೇಳವನ್ನೇ ಕಟ್ಟಿ ನಡೆಸಿದಳು, ಸಾಕಲ್ಲ. ಹೆಗ್ಗೋಡಿನ ನೀನಾಸಂ ವಿಶ್ವವಿದ್ಯಾಲಯ ಅಂದುಕೊಂಡವರು: ಅಲ್ಲ, ಅದು ರಂಗಶಿಕ್ಷಣ ಕೇಂದ್ರ, ಡಿಪ್ಲೊಮಾ ಕೊಡುತ್ತದೆ.

ಓದಿದವರು ರಂಗದ ಮೇಲೆ ಹಾಡಲಾರರು ಎಂಬ ಮಾತಿಗೆ ಮಾತ್ರ ನನಗೆ ನಗು ಬರುತ್ತದೆ. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು. ಅಷ್ಟಕ್ಕೇ ನಿಲ್ಲಲಿಲ್ಲ, ಕಾಶಿಗೆ ಹೋಗಿ ಹಿಂದಿ ಎಂಎ ಮಾಡಿದರು, ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಕಲಿತರು, ದಿಲ್ಲಿಯ ನಾಟಕ ಶಾಲೆಯಿಂದ 1962ರಲ್ಲಿ ಹೊರಬಂದರು. ಆಮೇಲೆ ಕನ್ನಡ ನಾಟಕ ಹಾಡುವ ರೀತಿಯೇ ಬದಲಾಯಿತು. ನಮ್ಮ ನೆರೆಯ ಗೋಕಾಕ ಸೀಮೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆಯೇ ಪಿಎಚ್‌.ಡಿ ಮಾಡಿದರು. ಡಾಕ್ಟರೇಟ್ ಬಂದ ಮೇಲೆ ಅವರ ಹಾಡು ಒಣಗಿತೇ? ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ಹಾಡುತ್ತಲೇ ಇದ್ದರು.

ವಿಶ್ವವಿದ್ಯಾಲಯಗಳ ಪರವಾಗಿ ವಕಾಲತ್ತು ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಇಡೀ ರಾತ್ರಿ ಆಟವಾಡಿ ಬೆಳಗಿನ ಜಾವದಲ್ಲಿ ಭೈರವಿ ಎತ್ತುವ ತಾಕತ್ತು ಸೆಮಿಸ್ಟರಿನಲ್ಲಿ ಬರುವುದಿಲ್ಲ. ಸಂಗೀತ ಒಂದು ವಿಭಾಗ, ನಾಟಕ ಇನ್ನೊಂದು ವಿಭಾಗ ಅಂತ ನಡುವೆ ಗೋಡೆ ಕಟ್ಟಿದ ಕಡೆಗಳಲ್ಲಿ ಸತ್ಯಭಾಮೆ ಯಾವ ಕೋಣೆಯಲ್ಲಿ ಕೂಡಬೇಕು ಅನ್ನುವುದೂ ಗೊತ್ತಾಗುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಸಂಗೀತ ಶಾಲೆಯನ್ನೂ ನಾಟಕ ಕಂಪನಿಯನ್ನೂ ಒಂದೇ ಸೂರಿನಡಿ ನಡೆಸಿದ್ದರು. ಯಾವ ಸಿಲೆಬಸ್ ಸಮಿತಿಯೂ ಅಲ್ಲಿಗೆ ಹೋಗಿ ನೋಡಿದ ಹಾಗೆ ಕಾಣುವುದಿಲ್ಲ.

ಆದರೆ ಇದು ಬೇರೆ ತಕರಾರು. ನನಗೆ ತಿಳಿಯದ್ದು ನಮ್ಮ ಮಂದಿಯ ನಂಬಿಕೆಯ ರೀತಿ. ಕೂಸಿನ ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಮಾತು ಬರುತ್ತದೆ, ಜೇಷ್ಠಮಧು ಅಗಿದರೆ ಕಂಠ ಬರುತ್ತದೆ, ಟಿವಿ ಶೋದಲ್ಲಿ ಜಡ್ಜ್ ಅತ್ತರೆ ಗಾಯಕ ಹುಟ್ಟುತ್ತಾನೆ. ಇವನ್ನೆಲ್ಲ ಕಣ್ಣುಮುಚ್ಚಿ ನಂಬುವವರು, ನಾಲ್ಕು ವರ್ಷ ಕೂತು ಕಲಿತರೆ ಬರುತ್ತದೆ ಅಂದರೆ ಮಾತ್ರ ನಂಬುವುದಿಲ್ಲ. ಪಂಕ್ತಿಯಲ್ಲಿ ಬುದ್ಧಿ ಹೇಳಿದ ಹಿರಿಯರ ಮೊಮ್ಮಗ ಗಣಿತಕ್ಕೆ ಎರಡು ಕಡೆ ಟ್ಯೂಷನ್‌ಗೆ ಹೋಗುತ್ತಾನೆ. ಅವರು ನಿವೃತ್ತ ಗಣಿತ ಮಾಸ್ತರರು. ಕೈ ತೊಳೆಯುವಾಗ ಇದನ್ನು ಕೇಳಿಯೇಬಿಟ್ಟೆ. "ಗಣಿತ ಬ್ಯಾರೆ ಬಿಡ್ರಿ," ಅಂದರು, ಪಂಚೆಯ ತುದಿಗೆ ಕೈ ಒರೆಸುತ್ತ. "ಅಂದಹಾಗೆ, ಸಂಗೀತಕ್ಕ ಒಂದು ಜೀನ್ ಐತಿ ಅಂತ ವಾಟ್ಸ್ಆಪ್‌ನ್ಯಾಗ ಬಂದಿತ್ತು, ನಿಮಗ ಕಳಸ್ಲೇನು?"

ಹುಡುಗಿ ಖಾಲಿ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು. ಅವರು ಆ ಕಡೆ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಸಂಗೀತ ಕಲಿಸೂ ಯುನಿವರ್ಸಿಟಿಯಾಗ ಹುಡುಗ್ಯಾರಿಗೆ ಹಾಸ್ಟೆಲ್ ಐತೇನ್ರೀ?"