ಫ್ರಾನ್ಸಿನ ಕಮ್ಯೂನುಗಳು

ಕಮ್ಯೂನು ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ದುಡಿಮೆಯನ್ನೂ ಆಸ್ತಿಯನ್ನೂ ಹಂಚಿಕೊಂಡು ಒಟ್ಟಾಗಿ ಬಾಳುವವರ ನೆಲೆಯೆಂಬುದು ಒಂದು. ಸ್ಥಳೀಯ ಆಡಳಿತದ ಅತ್ಯಂತ ಕಿರಿಯ ಘಟಕವೆಂಬುದು ಮತ್ತೊಂದು. ಇವೆರಡಕ್ಕೂ ಇರುವ ನಂಟೇನೆಂದು ಶ್ರೋತೃಗಳು ಕೇಳಬಹುದು. ಫ್ರಾನ್ಸ್ ದೇಶದ ಚರಿತ್ರೆ ಇದಕ್ಕೆ ಉತ್ತರವೀಯುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಅಲ್ಲಿನ ಉತ್ತರ ಭಾಗದ ಪಟ್ಟಣಿಗರು ಒಬ್ಬರಿಗೊಬ್ಬರು ನೆರವಾಗುವುದಾಗಿ ಪ್ರಮಾಣಮಾಡಿ ಒಗ್ಗೂಡಿದರು. ಆ ಕೂಟಕ್ಕೇ ಕಮ್ಯೂನೆಂದು ಹೆಸರಾಯಿತು. ಪ್ರಭುಗಳಿಂದ ಅದಕ್ಕೆ ಸನ್ನದು ಪಡೆಯಲು ಅನೇಕ ವೇಳೆ ಹಣ ತೆರಬೇಕಾಗುತ್ತಿದ್ದಿತು. ಲಾಂ ಪಟ್ಟಣದ ಬಿಷಪ್ಪನು ಹಣ ಪಡೆದು ಒಪ್ಪಿದ್ದ ಕಮ್ಯೂನನ್ನು 1112ರಲ್ಲಿ ರದ್ದುಗೊಳಿಸಲು, ಜನರು ದಂಗೆಯೆದ್ದು ಅವನನ್ನು ಕೊಂದರು.

ಮಹಾಕ್ರಾಂತಿಯ ಕಾಲದಲ್ಲಿ, 1789ನೆಯ ಡಿಸೆಂಬರ್ 14ರ ಶಾಸನವು ಪಟ್ಟಣ ಹಳ್ಳಿಗಳೆಂಬ ಭೇದವಿಲ್ಲದೆ ಎಲ್ಲೆಡೆಯೂ ಚುನಾಯಿತ ಆಡಳಿತವನ್ನು ಏರ್ಪಡಿಸಿತು. ಈಗಿನ ವ್ಯವಸ್ಥೆಗೆ ತಳಹದಿ 1884ರ ಕಾನೂನು. ಮತದಾರರು ಸಭೆಯನ್ನು ಆರಿಸುವರು. ಸಭೆಯು ತನ್ನ ಸದಸ್ಯರಲ್ಲೊಬ್ಬರನ್ನು ಮೇಯರನ್ನಾಗಿ ಆರಿಸುವುದು. ಸಭೆಯ ನಿರ್ಣಯಗಳನ್ನು ನಡೆಸುವ ಮೇಯರರೇ ರಾಷ್ಟ್ರದ ಪರವಾಗಿ ಜನನ, ವಿವಾಹ, ಮರಣಗಳನ್ನೂ ದಾಖಲು ಮಾಡಿಸುವರು. ಪ್ಯಾರಿಸಿಗೆ ಮಾತ್ರ ಈ ಭಾಗ್ಯವಿರಲಿಲ್ಲ. 1871ರಲ್ಲಿ ಕಮ್ಯೂನೆಂಬ ಹೆಸರಿನಿಂದಲೇ ಬಂಡೆದ್ದ ಆ ನಗರಕ್ಕೆ ಮೇಯರು ದೊರೆತದ್ದು 1977ರಲ್ಲಿ.

ಕೂಡುಬಾಳಿನ ಕುರುಹು ಕೂಡ ಅಳಿದಿಲ್ಲ. ಹಲವು ಕಮ್ಯೂನುಗಳಿಗೆ ಊರೊಟ್ಟಿನ ಕಾಡುಗಳಿವೆ. ಅವುಗಳ ಸೌದೆಯನ್ನು ಮನೆಗಳ ಲೆಕ್ಕದಲ್ಲಿಯೋ ತಲೆಗಳ ಲೆಕ್ಕದಲ್ಲಿಯೋ ನಿವಾಸಿಗಳಿಗೆ ಹಂಚುವ ಪದ್ಧತಿಯನ್ನು ಅರಣ್ಯ ಕಾನೂನು ಇಂದಿಗೂ ಮನ್ನಿಸುತ್ತದೆ.

ಇಂದು ಆ ದೇಶದಲ್ಲಿ 34,000ಕ್ಕೂ ಹೆಚ್ಚು ಕಮ್ಯೂನುಗಳಿವೆ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸಾವಿರ ಜನರೂ ಇಲ್ಲ. ಇಷ್ಟು ಸಣ್ಣ ಘಟಕಗಳು ರಸ್ತೆ, ನೀರು, ಶಾಲೆಗಳ ವೆಚ್ಚವನ್ನು ಹೇಗೆ ಹೊತ್ತಾವು ಎಂಬ ಪ್ರಶ್ನೆ ನ್ಯಾಯವಾದುದೇ. ಆದುದರಿಂದ ಅವು ನೆರೆಯವುಗಳೊಡನೆ ಕೂಡಿ ಕೆಲಸ ಮಾಡುತ್ತಿವೆ. 2010ರ ಕಾನೂನಿನ ಮೇರೆಗೆ ಕೆಲವು ಒಂದರಲ್ಲೊಂದು ಬೆರೆತೂ ಇವೆ. ಮಿಕ್ಕವು ಬೆರೆಯಲು ಹಿಂಜರಿಯುತ್ತವೆ. ಮೇಯರನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುವ ಅನುಕೂಲವನ್ನು ಮಿತವ್ಯಯಕ್ಕಾಗಿ ಬಿಟ್ಟುಕೊಡಲು ಜನರಿಗೆ ಇಷ್ಟವಿಲ್ಲ.

ಈ ಮಮತೆಯ ಆಳವನ್ನು ಕಾಣಬೇಕಾದರೆ ವೆರ್ಡನ್ ಬಳಿಯ ರಣಭೂಮಿಗೆ ಹೋಗಬೇಕು. 1916ರ ಯುದ್ಧದಲ್ಲಿ ಅಲ್ಲಿ ಒಂಬತ್ತು ಹಳ್ಳಿಗಳು ನೆಲಸಮವಾದುವು. ಅವುಗಳಲ್ಲಿ ಆರರಲ್ಲಿ ಇಂದಿಗೂ ಒಬ್ಬ ನಿವಾಸಿಯೂ ಇಲ್ಲ. ಆದರೂ ಅವನ್ನು ಪಟ್ಟಿಯಿಂದ ತೆಗೆದುಹಾಕಿಲ್ಲ. ಸರ್ಕಾರದ ಪ್ರತಿನಿಧಿಯು ಪ್ರತಿಯೊಂದಕ್ಕೂ ಮೂವರ ಸಮಿತಿಯನ್ನು ನೇಮಿಸುವನು. ಅದರ ಅಧ್ಯಕ್ಷರು ಮೇಯರ ಕಾರ್ಯ ವಹಿಸಿ ಊರಿನ ಸ್ಮಾರಕವನ್ನೂ ನೆಲವನ್ನೂ ನೋಡಿಕೊಳ್ಳುವರು. ಮತದಾರರಿಲ್ಲದ ಊರಿಗೂ ಹೆಸರನ್ನು ಉಳಿಸಿಕೊಟ್ಟ ಜನ, ಜನರಿರುವ ಊರಿನ ಹೆಸರನ್ನು ಅಳಿಸುವ ಮುನ್ನ ಎರಡು ಬಾರಿ ಯೋಚಿಸುವುದು ಸಹಜವೇ ಸರಿ.